ದೋಸೆಯ ಹಳೇ ದರ

ನೀವು ನಂಬೋಲ್ಲ, ಬೇಕಾದರೆ ಬಸ್ ಸ್ಟ್ಯಾಂಡಿಗೆ ಹೋಗಿ ಕೇಳಿ. ಅಲ್ಲಿ ನೀಲಕಂಠಪ್ಪ ಸಾವ್ಕಾರರ ಹೋಟೆಲಿನಲ್ಲಿ ನಮ್ಮೂರ ಓಬಳೇಶ ಸಪ್ಲೈಯರ್. ಒಂದು ದಿನ ಕೂಲಿ ಏರಿಸಿ ಅಂದ.

“ಅಕ್ಕಿ ಫ್ರೀ, ಕರೆಂಟ್ ಫ್ರೀ, ಹೆಂಡ್ತಿಗೆ ಬಸ್ಸೂ ಫ್ರೀ. ಬೆಲೆ ಎಲ್ಲಯ್ಯ ಏರಿದೆ? ಹೋಗು, ಬೋರ್ಡಲ್ಲಿ ದೋಸೆಗೆ ಹತ್ತು ರೂಪಾಯಿ ಜಾಸ್ತಿ ಬರಿ,” ಅಂದರು ಸಾವ್ಕಾರರು.

ಓಬಳೇಶ ಹಳೇ ದರವನ್ನೇ ಇನ್ನಷ್ಟು ದಪ್ಪಗೆ ತಿದ್ದಿ ಬಂದ. ಸಾವ್ಕಾರರು ಕೆಂಡವಾದರು.

“ಬೆಲೆ ಏರಿಲ್ಲ ಅಂದ್ರಲ್ಲ, ಸಾವ್ಕಾರ್ರೆ.”

“ಎಣ್ಣೆ, ಬೇಳೆ, ಗ್ಯಾಸು ನಿಮ್ಮಪ್ಪ ಫ್ರೀ ಕೊಡ್ತಾನೇನೋ?”

“ನಮ್ಮ ಮನೆಯವಳೂ ದಿನಾ ಅದನ್ನೇ ಕೇಳ್ತಾಳೆ.”

ನಮ್ಮೂರ ನೀರು ಕುಡಿದ ನಾಲಿಗೆ ಅದು. ದೋಸೆ ತಿನ್ನುತ್ತಿದ್ದವರೆಲ್ಲ ನಕ್ಕರು, ಕೊನೆಗೆ ಸಾವ್ಕಾರರೂ ನಕ್ಕರು.

ಓಬಳೇಶನ ದಿನಗೂಲಿ ಎಂಬತ್ತು ರೂಪಾಯಿ ಏರಿತು.