ಬೋರ ಇಳಿದ ಕೆರೆ

"ಗುರುಗಳೇ, ನಾಳೆ ಊರಿಗೆ ಹೋಗಿ ಪಾಠಶಾಲೆ ತೆರೆಯುತ್ತೇನೆ. ನೀವು ಕಲಿಸಿದ್ದನ್ನೇ ಮಕ್ಕಳಿಗೂ ಕಲಿಸುತ್ತೇನೆ. ನನಗೆ ಒಳಿತು ಮಾಡಿದ್ದನ್ನು ಮತ್ತೆ ಒರೆಗೆ ಹಚ್ಚಬೇಕೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಕುರಿಗಾಹಿ ಇದ್ದ. ಬೇಸಿಗೆ ಬಂದರೆ ಮಂದೆ ಹೊಡೆದುಕೊಂಡು ಒಂದು ಕೆರೆಗೆ ಬರುತ್ತಿದ್ದ. ಅವನು ಈಜು ಕಲಿತದ್ದೇ ಅಲ್ಲಿ. ಉಣ್ಣೆ ಕತ್ತರಿಸುವ ಮೊದಲು ಅವನ ಅಪ್ಪ ಕುರಿಗಳನ್ನು ಆ ಕೆರೆಯಲ್ಲಿ ಮೀಯಿಸುತ್ತಿದ್ದ. ಮೊದಲು ನಾಯಿಯನ್ನು ನೀರಿಗೆ ಬಿಡುವುದು ಅವರ ವಾಡಿಕೆ. ಅದು ಈಜಿದ್ದು ನೋಡಿ ಕುರಿಗಳೂ ಅಂಜದೆ ಇಳಿಯುತ್ತಿದ್ದವು. ನಾಯಿ ದಡಕ್ಕೆ ಬಂದು ಮೈ ಕೊಡವಿದರೆ ಅಪ್ಪ ಮಗ ಇಬ್ಬರೂ ತೋಯ್ದು ನಗುತ್ತಿದ್ದರು. ಆ ನಾಯಿಯ ಹೆಸರು ಬೋರ. ಅದರ ನಂತರ ಬಂದದ್ದೂ ಬೋರನೇ. ಹೊಸ ಹೆಸರು ಹುಡುಕುವ ಗೋಜಿಗೆ ಅವರು ಹೋಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಗ ಸಾಕಿದ ನಾಯಿಗೂ ಅದೇ ಹೆಸರು. ಹಾಗೆ ಕೂಗುವಾಗ ಅಪ್ಪನ ದನಿ ಕೇಳಿದಂತಾಗಿ ಅವನ ಜೀವ ತಂಪಾಗುತ್ತಿತ್ತು.

ಒಂದು ವರ್ಷ ಅವನು ಬಂದಾಗ ನೀರು ಅರ್ಧಕ್ಕಿಳಿದಿತ್ತು. ಗಾಳಿ ತಳ್ಳಿ ತಂದ ಹಸಿರು ಪಾಚಿ ದಡದುದ್ದಕ್ಕೂ ಕೆನೆಗಟ್ಟಿತ್ತು. ಬಾವಿಯಿಂದ ನೀರು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತಳು.

"ಅಣ್ಣಾ, ಆ ಪಾಚಿ ವಿಷ. ನಾವು ದನಾನೂ ಇಳಿಸ್ತಿಲ್ಲ. ನಾಯೀನ ಹಗ್ಗ ಹಾಕಿ ಹಿಡ್ಕೊ. ಕುಡಿಯೋಕೆ ಬಾವಿ ನೀರು ಕೊಡ್ತೀನಿ."

"ಈ ನೀರು ಕುಡಿದೇ ಬೆಳೆದವನು ಕಣಮ್ಮ ನಾನು. ಈ ಕೆರೆ ನನಗೆ ಗೊತ್ತಿಲ್ವಾ?" ಎಂದು ನಕ್ಕು, ಅಪ್ಪನಂತೆಯೇ ನಾಲಿಗೆ ಮಡಿಚಿ ಶಿಳ್ಳೆ ಹಾಕಿದ.

ನಾಯಿ ನೀರಿನ ಅಂಚಿಗೆ ಹೋಗಿ ಮೂಸಿತು. ಹಿಂತಿರುಗಿ ಅವನ ಮುಖ ನೋಡಿತು.

"ಹೋಗೋ ಬೋರ" ಎಂದ.

ಅದು ಜಿಗಿದು ಈಜಿತು. ದಡಕ್ಕೆ ಬಂದು ಮೈ ಕೊಡವಿತು. ಅವನು ಪೂರಾ ತೋಯ್ದ. ಅಪ್ಪ ಪಕ್ಕದಲ್ಲೇ ನಿಂತಂತಾಗಿ ಅವನಿಗೆ ಅಳು ಬಂತು, ನಗುವೂ ಬಂತು. ನಾಯಿ ಅಲ್ಲೇ ಕುಳಿತು ಮೈಗಂಟಿದ ಹಸಿರನ್ನು ನೆಕ್ಕತೊಡಗಿತು.

ಸ್ವಲ್ಪ ಹೊತ್ತು ಕಳೆದು, ಕುರಿಗಳನ್ನು ಇಳಿಸೋಣವೆಂದು ಅವನು ಕರೆದಾಗ ನಾಯಿ ತೂರಾಡುತ್ತ ಬಂತು. ಬಾಯಲ್ಲಿ ನೊರೆಯಿತ್ತು. ಹೆಂಗಸು ಓಡಿ ಬಂದು ತನ್ನ ಕೊಡದಲ್ಲಿದ್ದ ನೀರನ್ನೆಲ್ಲ ಅದರ ಮೈಮೇಲೆ ಸುರಿದಳು. ಅದು ಅವನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತು. ಮುಂದೆ ಅವನು ಯಾವ ನಾಯಿಗೂ ಆ ಹೆಸರಿಡಲಿಲ್ಲ.

ಶಿಷ್ಯ ನಿಟ್ಟುಸಿರು ಬಿಟ್ಟು, "ಪಾಪ, ನಂಬಿದ ಕೆರೆಯೇ ಅವನಿಗೆ ಮೋಸ ಮಾಡಿತು" ಎಂದ.

ಗುರು ಅವನ ಮುಖ ನೋಡಿ ಹೇಳಿದರು: "ಅವನು ಕೆರೆಯನ್ನು ನಂಬಿದ್ದ, ನಾಯಿ ನಂಬಿದ್ದು ಅವನನ್ನು."