ಸಿಂಪಿಗ ಹಕ್ಕಿಯೂ ಬ್ಯಾಟರಿ ಕತ್ತರಿಯೂ

ಒಂದು ಉದ್ಯಾನದ ದಾಸವಾಳದ ಬೇಲಿಯಲ್ಲಿ ಸಿಂಪಿಗ ಹಕ್ಕಿಯೊಂದು ಎರಡು ಎಲೆಗಳನ್ನು ಸೇರಿಸಿ ಹೊಲಿದು ಗೂಡು ಮಾಡಿ, ಮೂರು ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು. ಒಂದು ಬೆಳಿಗ್ಗೆ ಮಾಲಿ ಬೋರಮ್ಮ ಹೊಸ ಬ್ಯಾಟರಿ ಕತ್ತರಿ ಹಿಡಿದು ಬೇಲಿ ಸವರತೊಡಗಿದಳು. ಕತ್ತರಿ ಗುರ್ರೆನ್ನುತ್ತ ಗೂಡಿನತ್ತಲೇ ಬಂತು.

ಹಕ್ಕಿ ಅದರ ಎದುರಿನ ಕೊಂಬೆಗೆ ಹಾರಿ, "ಅಯ್ಯಾ ಕತ್ತರಿ, ಇಲ್ಲಿ ನನ್ನ ಮಕ್ಕಳಿದ್ದಾರೆ. ಒಂದು ಗೇಣು ಜಾಗ ಬಿಟ್ಟು ಹೋಗು" ಎಂದಿತು.

"ನಿನ್ನ ಮೇಲೆ ನನಗೇನೂ ಹಗೆಯಿಲ್ಲ" ಎಂದಿತು ಕತ್ತರಿ. "ಎದುರಿಗೆ ಬಂದುದನ್ನು ಕತ್ತರಿಸುವುದಷ್ಟೇ ನನ್ನ ಕೆಲಸ. ಬಿಡುವ ಅಧಿಕಾರ ನನಗಿಲ್ಲ."

"ಹಾಗಾದರೆ ಯಾರಿಗಿದೆ?"

"ನನ್ನ ಗುಂಡಿ ಒತ್ತಿರುವ ಬೆರಳಿಗೆ. ಆದರೆ ಅಲ್ಲಿಗೆ ಹೋಗಲು ನನ್ನ ಹಲ್ಲುಗಳನ್ನು ದಾಟಬೇಕು. ನಿನಗೇಕೆ ಆ ಸಾಹಸ? ಬೇರೆ ಗೂಡು ಹೊಲಿದುಕೋ."

"ಗೂಡು ಹೊಲಿಯಬಲ್ಲೆ, ಮೊಟ್ಟೆ ಹೊಲಿಯಲಾರೆ. ನಿಲ್ಲಿಸಲಾರದ ನಿನ್ನ ಮುಂದೆ ಇಷ್ಟು ಹೊತ್ತು ಬೇಡಿದ್ದೇ ನನ್ನ ತಪ್ಪು" ಎಂದ ಹಕ್ಕಿ ಎದೆ ಗಟ್ಟಿ ಮಾಡಿಕೊಂಡು, ಓಡುವ ಹಲ್ಲುಗಳ ಪಕ್ಕದಲ್ಲೇ ನುಗ್ಗಿ, ಬೋರಮ್ಮನ ಆ ಬೆರಳ ಮೇಲೆಯೇ ಕೂತು ಬಲವಾಗಿ ಕುಕ್ಕಿತು.

ಬೋರಮ್ಮ ಬೆಚ್ಚಿ ಬೆರಳೆತ್ತಿದಳು. ಕತ್ತರಿ ನಿಂತಿತು. ಬೈಯಲು ಬಾಯಿ ತೆರೆದವಳು ಹಕ್ಕಿ ಹಾರಿದ ಕಡೆ ನೋಡಿ, ಎಲೆ ಸರಿಸಿ, "ಅಯ್ಯೋ, ಬಾಣಂತಿ ಮನೆಗೇ ಕೈ ಹಾಕಿದ್ದೆನಲ್ಲ ತಾಯಿ!" ಎಂದಳು. ಆ ಭಾಗವನ್ನು ಹಾಗೆಯೇ ಬಿಟ್ಟು ಬೇಲಿಯ ಆಚೆ ತುದಿಗೆ ನಡೆದಳು.

ಅಲ್ಲಿ ಕತ್ತರಿ ಮತ್ತೆ ಗುರ್ರೆಂದಿತು. ಹಕ್ಕಿ ತಿರುಗಿಯೂ ನೋಡಲಿಲ್ಲ. ಮೊಟ್ಟೆಗಳು ತಣ್ಣಗಾಗುವ ಮೊದಲೇ ಕಾವಿಗೆ ಕೂತಿತು.