ಟಿಟ್ಟಿಭ ಮರ ಬಿಟ್ಟಿದ್ದು

ಲೋಕ ಹುಟ್ಟಿ ಮೂರನೆಯ ವರ್ಷ, ಮಾಗಿಯ ಒಂದು ಸೋಮವಾರ. ಬೆಳಿಗ್ಗೆ ಮಂಜು, ಆಮೇಲೆ ಎಳೆಬಿಸಿಲು. ಗಾಳಿ ಇಲ್ಲ.

ಕಥೆ ಅಲ್ಲಿಂದ ಶುರು ಎಂದೆ. ತಮ್ಮನ ಮಗಳು ಇಂಚರ ಕೆರೆ ಏರಿಯ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದಳು. ನಮ್ಮ ತಲೆಯ ಮೇಲೆ ಟಿಟ್ಟಿಭ ಹಕ್ಕಿಯೊಂದು ಸುತ್ತು ಹಾಕಿ ಬೈಯುವ ಹಾಗೆ ಕೂಗುತ್ತಿತ್ತು. ಅಷ್ಟು ದೊಡ್ಡ ಆಲದ ಮರ ಇರುವಾಗ ಅದು ನೆಲದ ಮೇಲೆ ಯಾಕೆ ಮೊಟ್ಟೆ ಇಡುತ್ತದೆ ಎಂದು ಅವಳು ಕೇಳಿದ್ದಳು.

ಆಗ ಟಿಟ್ಟಿಭ ಮರದ ಹಕ್ಕಿ.

ಹೊಳೆಯ ಈಚೆ ದಡಕ್ಕೆ ನವಿಲು ದೊರೆ. ಆಚೆ ದಡದಲ್ಲಿ ಬೆಳವಕ್ಕಿಗಳು. ಟಿಟ್ಟಿಭಕ್ಕೆ ಕಾವಲು ಕೆಲಸ. ಅಪಾಯ ಕಂಡರೆ ಅವಳು ಕೂಗಬೇಕು, ಅವಳು ಕೂಗಿದರೆ ಎಲ್ಲರೂ ಏಳಬೇಕು. ಅವಳು ಕೂಗದೆ ದೊರೆ ಕೂಡ ಹಕ್ಕಿಗಳನ್ನು ಜಗಳಕ್ಕೆಂದು ಹೊಳೆ ದಾಟಿಸುವಂತಿಲ್ಲ. ಅದು ಕಟ್ಟಳೆ. ಎಲ್ಲರೂ ಅವಳನ್ನು ಕಾವಲಕ್ಕ ಎನ್ನುತ್ತಿದ್ದರು.

ಮರಗಳು ಮಾತ್ರ ಮಂಗಟ್ಟೆ ಹಕ್ಕಿಯವು. ಮೊದಲು ಈಚೆ ದಡದಲ್ಲಿ ಇದ್ದದ್ದು ಒಂದೇ ಆಲ. ದಪ್ಪ ಕೊಕ್ಕಿನ ಮಂಗಟ್ಟೆ ಅದರ ಹಣ್ಣು ತಿಂದ, ಹಾರಿದ, ಹಿಕ್ಕೆ ಹಾಕಿದ. ಹಿಕ್ಕೆ ಬಿದ್ದಲ್ಲೆಲ್ಲ ಆಲ ಎದ್ದಿತು.

ಇಂಚರ ಬಾಯಿ ಮುಚ್ಚಿಕೊಂಡು ನಕ್ಕಳು.

"ನನ್ನ ಹೊಟ್ಟೆಯಿಂದ ಬಂದದ್ದು ನನ್ನದು" ಎಂದ ಮಂಗಟ್ಟೆ.

"ನೀರು ಕೊಟ್ಟವಳು ನಾನಲ್ಲವೇನಪ್ಪ?" ಎಂದಳು ಹೊಳೆ.

"ನೀನು ಹರಿದು ಹೋಗುವವಳು. ನಿನಗೆ ಯಾಕಮ್ಮ ಮರ?"

ಹೀಗೆ ಈಚೆ ದಡದ ಮರಗಳೆಲ್ಲ ಅವನವಾದವು. ಆದರೆ ಬಾಡಿಗೆ ಕೇಳಲಿಲ್ಲ. "ಇರಿ, ತಿನ್ನಿ, ಮರಿ ಮಾಡಿ. ನಿಮ್ಮ ಹತ್ತಿರ ನಾನೇನು ಕೇಳಲಿ?" ಎನ್ನುತ್ತಿದ್ದ. ಸಭೆಯಲ್ಲಿ ಅವನು ತಲೆ ಆಡಿಸಿದರೆ ಎಲ್ಲರೂ ಆಡಿಸುತ್ತಿದ್ದರು. ಹಾಗೆ ಮಾಡಿ ಎಂದು ಅವನು ಹೇಳಿರಲಿಲ್ಲ. ಕೂತ ಕೊಂಬೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ನವಿಲು ದೊರೆ ಮಲಗುತ್ತಿದ್ದದ್ದೂ ಅವನ ಕೊಂಬೆಯಲ್ಲೇ.

ಒಂದು ದಿನ ಮಂಗಟ್ಟೆಯ ಕಣ್ಣು ಆಚೆ ದಡದ ಮರಗಳ ಮೇಲೆ ಬಿತ್ತು.

"ದೊರೆ, ಬೆಳವಕ್ಕಿಗಳನ್ನು ಓಡಿಸಬೇಕು."

"ಪಾಪ, ಅವು ನಮಗೇನು ಮಾಡಿವೆ?"

"ಇನ್ನೂ ಏನೂ ಮಾಡಿಲ್ಲ. ನನಗೆ ಭಯ ಆಗಿರುವುದೇ ಅದಕ್ಕೆ."

ನವಿಲು ತನ್ನ ಕಾಲ ಕೆಳಗಿನ ಕೊಂಬೆ ನೋಡಿಕೊಂಡಿತು. "ಕಾವಲಕ್ಕ ಕೂಗಿದರೆ ನನ್ನ ಅಡ್ಡಿ ಇಲ್ಲ" ಎಂದಿತು.

ಭಾನುವಾರ ಸಂಜೆ ಮಂಗಟ್ಟೆ ಟಿಟ್ಟಿಭದ ಗೂಡಿನ ಹತ್ತಿರ ಬಂದು ಕೂತ. ಗೂಡಿನಲ್ಲಿ ನಾಲ್ಕು ಬಿಳಿ ಮೊಟ್ಟೆ.

"ಏನಮ್ಮ, ಗೂಡು ಬೆಚ್ಚಗಿದೆಯಾ?"

"ಇದೆ."

"ನಾಳೆ ಬೆಳಿಗ್ಗೆ ಒಂದು ಸಲ ಕೂಗು. ಬೆಳವಕ್ಕಿ ಬಂತು ಅಂತ. ಒಂದೇ ಸಲ."

"ಬಂದರೆ ಕೂಗುತ್ತೇನೆ."

"ಬರುವುದಿಲ್ಲ. ನೀನು ಕೂಗು." ಅವನು ಕೊಕ್ಕಿನಿಂದ ಕೊಂಬೆಯನ್ನು ಎರಡು ಸಲ ತಟ್ಟಿದ. ಮೊಟ್ಟೆಗಳು ಅಲುಗಿದವು. ಹಾರಿಹೋದ.

ಪಕ್ಕದ ಪೊಟರೆಯಿಂದ ಗೊರವಂಕ ತಲೆ ಹೊರಗೆ ಹಾಕಿತು. "ಕೂಗಿಬಿಡು ಕಣಕ್ಕ. ನಿನ್ನ ಗಂಟಲೇನು ಸವೆದು ಹೋಗುತ್ತಾ? ಮೊಟ್ಟೆ ಇಟ್ಟುಕೊಂಡು ಯಾರಾದರೂ ಹಟ ಮಾಡುತ್ತಾರಾ?"

"ನಾಡಿದ್ದು ನಿನ್ನ ಪೊಟರೆಗೆ ನಿಜವಾಗಿಯೂ ಹಾವು ಬರುತ್ತದೆ. ಆಗ ನನ್ನ ಕೂಗು ಕೇಳಿ ನೀನು ಏಳುತ್ತೀಯಾ?"

ಗೊರವಂಕ ತಲೆ ಒಳಗೆ ಎಳೆದುಕೊಂಡಿತು.

ಸೋಮವಾರ ಬೆಳಗಾಯಿತು. ಆಗಲೇ ಹೇಳಿದೆನಲ್ಲ, ಮಂಜು. ಕೊಂಬೆ ಕೊಂಬೆಯಲ್ಲೂ ಹಕ್ಕಿಗಳು ರೆಕ್ಕೆ ಬಿಚ್ಚಿ ಕಾಯುತ್ತಿದ್ದವು. ಮಂಜು ಸರಿದಾಗ ಆಚೆ ದಡದಲ್ಲಿ ಕಂಡದ್ದು ಒಂದೇ ಒಂದು ಬೆಳವಕ್ಕಿ. ಅದು ನೀರು ಕುಡಿಯುತ್ತಿತ್ತು.

"ಕೂಗು" ಎಂದ ಮಂಗಟ್ಟೆ.

ಟಿಟ್ಟಿಭ ಆ ಬೆಳವಕ್ಕಿಯನ್ನೇ ನೋಡುತ್ತಿದ್ದಳು.

"ಕೂಗು!"

ಟಿಟ್ಟಿಭ ಹಾರಿದಳು. ಹೊಳೆಯ ಕಡೆಗಲ್ಲ. ನೇರ ಮಂಗಟ್ಟೆಯ ನೆತ್ತಿಯ ಮೇಲೆ ಹೋಗಿ ಸುತ್ತು ಹಾಕುತ್ತಾ ಕೂಗಿದಳು: "ಇಲ್ಲಿದ್ದಾನೆ! ಇಲ್ಲೇ ಇದ್ದಾನೆ! ಇಲ್ಲಿದ್ದಾನೆ!"

ಕಟ್ಟಳೆಯಂತೆ ಎಲ್ಲ ಹಕ್ಕಿಗಳೂ ಎದ್ದವು. ಎದ್ದು, ಅವಳು ಯಾರ ಮೇಲೆ ಸುತ್ತುತ್ತಿದ್ದಾಳೆ ಎಂದು ನೋಡಿದವು. ಯಾರೂ ಹೊಳೆ ದಾಟಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಮತ್ತೆ ಅದೇ ಕೊಂಬೆಗಳಿಗೆ ಬಂದು ಕೂತರು. ಬೇರೆ ಎಲ್ಲಿ ಕೂರಬೇಕು?

ಮಂಗಟ್ಟೆ ಕೂಗಾಡಲಿಲ್ಲ. "ನನ್ನ ಮರ ಬಿಡು" ಎಂದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ ಇನ್ನೊಂದು ಮಾತು ಹೇಳಿದ.

"ಆಗಲಿ. ಮೊದಲು ಮೊಟ್ಟೆ ಇಳಿಸುತ್ತೇನೆ" ಎಂದಳು ಟಿಟ್ಟಿಭ.

ಒಂದೊಂದೇ ಮೊಟ್ಟೆಯನ್ನು ಹೊಳೆಯ ಪಕ್ಕದ ಕಲ್ಲುಹರಳಿನ ಮೇಲೆ ತಂದಿಟ್ಟಳು. ಬಿಳಿ ಮೊಟ್ಟೆ ದೂರಕ್ಕೇ ಹೊಳೆಯುತ್ತಿದ್ದವು.

"ಹೀಗಿದ್ದರೆ ಸಂಜೆಯೊಳಗೆ ನರಿ ತಿನ್ನುತ್ತದೆ ಕಣೇ" ಎಂದು ಹೊಳೆ ತನ್ನ ಕೆಸರನ್ನು ಅವುಗಳ ಮೇಲೆ ಚಿಮ್ಮಿದಳು. ಮೊಟ್ಟೆಗಳ ಮೇಲೆ ಕಂದು ಚುಕ್ಕೆ ಬಿದ್ದವು. ಯಾವುದು ಕಲ್ಲು, ಯಾವುದು ಮೊಟ್ಟೆ, ಟಿಟ್ಟಿಭಕ್ಕೇ ಒಂದು ಕ್ಷಣ ತಿಳಿಯಲಿಲ್ಲ.

ಆಮೇಲೆ ಅವಳು ಒಂದು ಸಲ ಮರಕ್ಕೆ ಹೋಗಿ ಬಂದಳು. ಕೊನೆಯ ಸಲ.

"ಮಂಗಟ್ಟೆಗೆ ಏನೂ ಆಗಲಿಲ್ಲವಾ?" ಎಂದಳು ಇಂಚರ.

"ಇಲ್ಲ. ಈಗಲೂ ಆಲದ ಹಣ್ಣು ತಿನ್ನುತ್ತಾನೆ. ಆಚೆ ದಡ ಮಾತ್ರ ಅವನಿಗೆ ಸಿಗಲಿಲ್ಲ."

"ಅವನು ಕಿವಿಯಲ್ಲಿ ಏನು ಹೇಳಿದ, ದೊಡ್ಡಪ್ಪ?"

ಏರಿ ಇಳಿದು, ನೀರಿನ ಅಂಚಿನ ಕೆಸರು ತೋರಿಸಿದೆ. "ಇದು ಗೊರವಂಕದ ಹೆಜ್ಜೆ. ಮುಂದೆ ಮೂರು ಬೆರಳು, ಹಿಂದೆ ಒಂದು. ಆ ಹಿಂದಿನ ಬೆರಳು ಒತ್ತಿಕೊಂಡೇ ಹಕ್ಕಿ ಕೊಂಬೆ ಹಿಡಿಯುವುದು. ಈಗ ಟಿಟ್ಟಿಭದ್ದು ನೋಡು."

ಇಂಚರ ಮಂಡಿಯೂರಿ ನೋಡಿದಳು. ಬೆರಳಿನಿಂದ ಮುಟ್ಟಿ ನೋಡಿದಳು.

"ಮೂರೇ ಇವೆ."

"'ನನ್ನ ಕೊಂಬೆ ಹಿಡಿದದ್ದನ್ನು ಇಲ್ಲೇ ಬಿಟ್ಟು ಹೋಗು' ಎಂದಿದ್ದ. ಬಿಟ್ಟು ಬಂದಳು. ಅದಕ್ಕೇ ಇವತ್ತಿಗೂ ಟಿಟ್ಟಿಭ ಯಾವ ಮರದ ಮೇಲೂ ಕೂರುವುದಿಲ್ಲ. ನಾಯಿ ಬರಲಿ, ಹದ್ದು ಬರಲಿ, ನಾವೇ ಬರಲಿ, ಬಂದವರ ನೆತ್ತಿಯ ಮೇಲೆಯೇ ಸುತ್ತು ಹಾಕುತ್ತಾ ಕೂಗುತ್ತದೆ."